ಮುಖ ನೋಡಬೇಡಿ, ಲಾಕು ನೋಡಿ

ನನ್ನ ಕಾರು 2011ರ ಬಿಎಂಡಬ್ಲ್ಯು ಜೆಡ್4. ಎರಡೇ ಸೀಟು. ಗುಂಡಿ ಒತ್ತಿದರೆ ಛಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. ಕೊಡಗಿನ ಚೆಟ್ಟಳ್ಳಿ ಕಡೆಯ ನಮ್ಮ ಸಣ್ಣ ತೋಟದ ಹಳೆಯ ಗೋದಾಮಿನಲ್ಲಿ, ರೊಬಸ್ಟಾ ಮೂಟೆಗಳ ಪಕ್ಕದಲ್ಲಿ ಅದರ ವಾಸ. ಸೆಕೆಂಡ್ ಹ್ಯಾಂಡ್ ಗಾಡಿ. ಕಾಫಿಗೆ ಒಳ್ಳೆ ರೇಟು ಸಿಕ್ಕಿದಾಗ ಅಕ್ಕಪಕ್ಕದ ತೋಟದವರು ಜೀಪು ತೆಗೆದುಕೊಂಡರು, ನಾನು ಬೆಂಗಳೂರಿಗೆ ಹೋಗಿ ಇದನ್ನು ತಂದೆ. ನಮ್ಮ ಸೋದರಮಾವ ಇವತ್ತಿಗೂ ಇದನ್ನು ಕಾರು ಅಂತ ಕರೆದವರಲ್ಲ. "ನಿನ್ನ ಚಪ್ಪಲಿ ಗೋದಾಮಿನಲ್ಲಿದೆಯಾ, ಹೊರಗೆ ಹೋಗಿದೆಯಾ?" ಅಂತಲೇ ಕೇಳುವುದು. ನೆಲಕ್ಕೆ ಅಷ್ಟು ಹತ್ತಿರ.

ಇಂಥ ಕಾರಿಗೆ ದೊಡ್ಡ ಖರ್ಚು ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಟೈರು, ಬ್ರೇಕು, ಗೇರ್‌ಬಾಕ್ಸ್ ಎಣ್ಣೆ ಎಲ್ಲಕ್ಕೂ ಮನಸ್ಸು ಸಿದ್ಧವಾಗಿರುತ್ತದೆ. ಹೊಟ್ಟೆ ಉರಿಸುವುದು ಸಣ್ಣ ಖರ್ಚು. ಚಕ್ರದ ನಟ್ಟನಡುವೆ ಕೂರುವ ಅಂಗೈಯಗಲದ ಪ್ಲಾಸ್ಟಿಕ್ ಮುಚ್ಚಳ, ಸೆಂಟರ್ ಕ್ಯಾಪ್, ಅದಕ್ಕೆ ಒಂದೊಂದಕ್ಕೆ ಎರಡು ಸಾವಿರದ ಹತ್ತಿರ ಕೇಳಿದರು. ನಾಲ್ಕಾದರೆ ಎಷ್ಟಾಯಿತು ನೋಡಿ. ಆ ದುಡ್ಡಿಗೆ ತೋಟದ ಪಂಪಿನ ರಿಪೇರಿ ಮುಗಿಯುತ್ತದೆ. ಮುಚ್ಚಳ ನೋಡಲೇಬಾರದ ಸ್ಥಿತಿಗೆ ಬಂದಿದ್ದರೂ ಅಷ್ಟು ಕೊಡಲು ನನಗೆ ಕೈ ಬರಲಿಲ್ಲ. ಕೊನೆಗೆ ಅದರ ಕಾಲುಭಾಗದಷ್ಟೂ ಖರ್ಚಾಗದೆ ಕೆಲಸ ಮುಗಿಯಿತು. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟಿರಬಹುದು, ಆದರೆ ಅಲಾಯ್ ವೀಲ್ ಇರುವ ಯಾವ ಕಾರಿಗಾದರೂ ಇದು ಆಗುತ್ತದೆ.

ಮೊದಲು ಇವು ಹಾಳಾಗುವುದು ಹೇಗೆ ಅನ್ನುವುದು. ಕ್ಯಾಪಿನ ಒಡಲು ಪ್ಲಾಸ್ಟಿಕ್ಕು. ಬೆನ್ನಲ್ಲಿ ಚಕ್ರಕ್ಕೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕೊಕ್ಕೆಗಳು, ಅವೇ ಲಾಕು. ಮುಖದ ಮೇಲೆ ಕಂಪನಿಯ ಗುರುತಿರುವ ತೆಳು ಬಿಲ್ಲೆ, ಅದರ ಮೇಲೆ ಪಾರದರ್ಶಕ ಲ್ಯಾಕರ್. ಈ ಲ್ಯಾಕರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ ಸಾಕು, ನೀರು ಒಳಗೆ ಸೇರುತ್ತದೆ. ಕೊಡಗಿನಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಒಳಗೆ ಹೋದ ನೀರು ಹೊರಗೆ ಬರುವ ಮಾತೇ ಇಲ್ಲ. ಬೀರುವಿನೊಳಗಿನ ಸೀರೆಗೆ, ಗೋಡೆಯ ಫೋಟೋದ ಬೆನ್ನಿಗೆ ಬೂಷ್ಟು ಹಿಡಿಯುವ ಊರಿದು. ಲ್ಯಾಕರ್ ಮೊದಲು ಮಂಜಾಗುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ, ಕೊನೆಗೆ ಉಗುರು ತಾಗಿದರೂ ಸಿಪ್ಪೆ ಏಳುತ್ತದೆ.

ಮಳೆ ಒಂದೇ ಕಾರಣವಲ್ಲ. ಯುರೋಪಿನ ಕಾರುಗಳ ಬ್ರೇಕ್ ಪ್ಯಾಡು ಬಹಳ ಧೂಳು ಬಿಡುತ್ತದೆ, ಆ ಧೂಳಿನಲ್ಲಿ ಸವೆದ ಕಬ್ಬಿಣದ ಕಣ ತುಂಬಿರುತ್ತದೆ. ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗಿ ನೋಡಿ. ಗೇರು ಇಳಿಸಿಕೊಂಡು ಎಷ್ಟೇ ನಾಜೂಕಾಗಿ ಓಡಿಸಿದರೂ ಕೆಳಗೆ ಮುಟ್ಟುವಾಗ ಚಕ್ರದ ಬಳಿ ಬಿಸಿ ಗಾಳಿ ಬರುತ್ತಿರುತ್ತದೆ. ಕಾದ ಕಬ್ಬಿಣದ ಕಣ ಲ್ಯಾಕರಿಗೆ ಅಂಟಿ ಕೂತು, ಮಾರನೇ ದಿನದ ಮಳೆಗೆ ಅಲ್ಲೇ ತುಕ್ಕು ಹಿಡಿದು ಕಂದು ಚುಕ್ಕಿಯಾಗುತ್ತದೆ. ಆ ಚುಕ್ಕಿ ಹೋಗಲಿ ಅಂತ ವಾಟರ್ ಸರ್ವಿಸ್ ಮಾಡುವ ಹುಡುಗರು ಆ್ಯಸಿಡ್ ಬೆರೆಸಿದ ನೀರು ಎರಚುತ್ತಾರೆ. ಅಲಾಯ್ ಫಳಫಳ ಹೊಳೆಯುತ್ತದೆ, ನಿಜ. ಕ್ಯಾಪಿನ ಆಯುಷ್ಯ ಅಲ್ಲಿಗೆ ಅರ್ಧ. ಉಳಿದರ್ಧವನ್ನು ಪ್ರೆಶರ್ ಗನ್ನಿನ ಮೂತಿಯನ್ನು ಅಂಚಿಗೇ ಹಿಡಿದು ಮುಗಿಸುತ್ತಾರೆ. ನಾನು ಈಗ ಚಕ್ರ ತೊಳೆಯುವುದು ಬಕೆಟ್ಟಿನ ನೀರು, ಶಾಂಪೂ, ಹಳೆಯ ಬನಿಯನ್ನು ಇಷ್ಟರಲ್ಲೇ. ಕಬ್ಬಿಣದ ಚುಕ್ಕಿಗೆ ಬೇರೆಯದೇ ದ್ರಾವಣ ಬರುತ್ತದೆ, ಹಾಕಿದ ಕೂಡಲೇ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ್ಯಸಿಡ್ಡಿಗಿಂತ ಅದು ಎಷ್ಟೋ ವಾಸಿ.

ಮೂರನೆಯ ಕಾರಣ ಯಾರೂ ಗಮನಿಸದ್ದು. ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ಯಂತ್ರದ ದಂಡ ಚಕ್ರದ ನಡುವಿನ ತೂತಿನಲ್ಲಿ ಹಾದುಹೋಗಬೇಕು. ಹಾಗಾಗಿ ಕ್ಯಾಪ್ ತೆಗೆಯಲೇಬೇಕು. ಚಕ್ರ ಹೇಗೂ ಕಳಚಿ ಕೈಯಲ್ಲಿರುತ್ತದೆ, ಹಿಂದಿನಿಂದ ಬೆರಳಲ್ಲಿ ಒತ್ತಿದರೆ ಕ್ಯಾಪ್ ತಾನಾಗಿ ಮುಂದೆ ಬೀಳುತ್ತದೆ. ಆದರೆ ಅವಸರದಲ್ಲಿರುವವನು ಮುಂದಿನಿಂದಲೇ ಸ್ಕ್ರೂಡ್ರೈವರ್ ತುರುಕಿ ಎಬ್ಬುತ್ತಾನೆ. ಅಂಚಿನಲ್ಲಿ ಗಾಯ, ಹಿಂದೆ ಒಂದು ಲಾಕು ಚಟ್. ಆಗ ಗೊತ್ತಾಗುವುದಿಲ್ಲ. ಒಂದು ಲಾಕು ಹೋದ ಕ್ಯಾಪ್ ಎಷ್ಟೋ ಕಾಲ ಹಾಗೇ ಕೂತಿರುತ್ತದೆ. ಎರಡನೆಯದು, ಮೂರನೆಯದು ಹೋದಾಗ ಯಾವುದೋ ಗುಂಡಿಯಲ್ಲಿ ಹಾರಿ ಕಾಡು ಸೇರುತ್ತದೆ. ನನ್ನ ಹಿಂಬದಿಯ ಎಡಚಕ್ರದ್ದು ಹಾಗೆ ಹೋದದ್ದು. ಸಿದ್ದಾಪುರದ ರಸ್ತೆಯಲ್ಲೋ ಕುಶಾಲನಗರದ ಕಡೆಯೋ, ದೇವರಿಗೇ ಗೊತ್ತು.

ಕ್ಯಾಪ್ ಇಲ್ಲದಿದ್ದರೆ ಏನಾಯಿತು, ಗಾಡಿ ಓಡುವುದಿಲ್ಲವೇ ಅಂತ ಸೋದರಮಾವನ ವಾದ. ಓಡುತ್ತದೆ. ಆದರೆ ಅದು ಬರೀ ಒಡವೆಯಲ್ಲ. ತೂತು ತೆರೆದಿದ್ದರೆ ನಮ್ಮ ಕೆಂಪು ಮಣ್ಣಿನ ಕೆಸರು ನೇರ ಹಬ್ಬಿನ ಮೇಲೆ, ಅಂದರೆ ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಭಾಗದ ಮೇಲೆ, ಹೋಗಿ ಕೂರುತ್ತದೆ. ಹಬ್ಬು ಉಕ್ಕಿನದು, ಚಕ್ರ ಅಲ್ಯೂಮಿನಿಯಂ. ಎರಡು ಬೇರೆ ಲೋಹ ತಾಗಿಕೊಂಡಿರುವ ಕಡೆ ಸದಾ ತೇವ ಇದ್ದರೆ ನಡುವೆ ಬಿಳಿ ಹುಡಿಯೂ ತುಕ್ಕೂ ಬೆಳೆದು ಚಕ್ರ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಬೋಲ್ಟು ಐದೂ ಬಿಚ್ಚಿದ ಮೇಲೂ ಚಕ್ರ ಬರದೆ, ಟೈರಿಗೆ ಒದ್ದು ಒದ್ದು ಎಬ್ಬಿಸಿದವರಿಗೆ ಈ ಸುಖ ಗೊತ್ತಿರುತ್ತದೆ. ಮಾಕುಟ್ಟದ ಕಾಡಿನ ನಡುವೆ ರಾತ್ರಿ ಪಂಚರ್ ಆದಾಗ ಅದು ಬೇಕಾಗಿಲ್ಲ ನನಗೆ.

ಇನ್ನು ಅಗ್ಗದ ದಾರಿ. ಆನ್‌ಲೈನಿನಲ್ಲಿ ನಾಲ್ಕರ ಸೆಟ್ಟು ಐನೂರು ಆರುನೂರಕ್ಕೂ ಸಿಗುತ್ತದೆ, ಫೋಟೋದಲ್ಲಿ ನೋಡಿದರೆ ಅಸಲಿಗಿಂತ ಚೆಂದ. ವಿರಾಜಪೇಟೆಯ ನನ್ನ ಗೆಳತಿ ತನ್ನ ಕಾರಿಗೆ ಅಂಥದೇ ಸೆಟ್ಟು ಹಾಕಿಸಿದ್ದಳು. ಅವಳ ಮನೆಗೆ ಹೋದಾಗ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಮುಖ ಕನ್ನಡಿ. ಹಿಂದೆ ಲಾಕುಗಳು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಪ್ಲಾಸ್ಟಿಕ್ಕಿನಷ್ಟು ಮೆತ್ತಗೆ. ಬೆರಳಲ್ಲಿ ಒತ್ತಿದರೆ ಬಾಗುತ್ತದೆ, ಬಾಗಿದ್ದು ವಾಪಸು ಬರುವುದಿಲ್ಲ. ಮಳೆಗಾಲ ಮುಗಿಯುವ ಮೊದಲೇ ನಾಲ್ಕರಲ್ಲಿ ಎರಡು ಕಾಣೆಯಾಗಿದ್ದವು. ಅವಳಿಗೆ ಬೇಸರವೇನಿಲ್ಲ, ಇನ್ನೊಂದು ಸೆಟ್ಟು ತರಿಸಿದಳು. ನನಗೆ ಆ ಸಮಾಧಾನ ಇಲ್ಲ. ಸಾಲದ್ದಕ್ಕೆ ಕಂಪನಿಯ ಗುರುತನ್ನು ಅನುಮತಿಯಿಲ್ಲದೆ ಒತ್ತಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ ಬೇರೆ. ಕೊಂಡವರನ್ನು ಯಾರೂ ಹಿಡಿಯಲು ಬರುವುದಿಲ್ಲ ಅನ್ನಿ.

ಅವಳ ಆ ಕ್ಯಾಪನ್ನು ತಿರುಗಿಸಿ ನೋಡಿದಾಗಲೇ ನನಗೆ ಲೆಕ್ಕ ಹೊಳೆದದ್ದು. ಕ್ಯಾಪಿಗೆ ಎರಡು ಭಾಗ. ಮುಂದೆ ಮುಖ, ಹಿಂದೆ ಲಾಕು. ಮುಖ ಹಾಳಾದರೆ ಉಜ್ಜಿ, ಬಣ್ಣ ಹೊಡೆದು ಮನೆಯಲ್ಲೇ ಸರಿ ಮಾಡಬಹುದು. ಲಾಕು ಹೋದರೆ ಮನೆಯಲ್ಲಿ ಮಾಡಿಕೊಳ್ಳಲು ಬರುವುದಿಲ್ಲ. ಅದರ ಅಳತೆ, ಅದರ ಸ್ಪ್ರಿಂಗಿನ ಗುಣ ಕಾರ್ಖಾನೆಯ ಅಚ್ಚಿನಲ್ಲೇ ಬರಬೇಕು. ಅಂಗಡಿಯಲ್ಲಿ ಬೆಲೆ ಕಟ್ಟುವುದು ಮಾತ್ರ ಮುಖಕ್ಕೆ. ಅಂದರೆ ಮುಖ ಕೆಟ್ಟು ಲಾಕು ಗಟ್ಟಿಯಿರುವ ಅಸಲಿ ಕ್ಯಾಪು ಎಲ್ಲಿದ್ದರೂ ಅಗ್ಗಕ್ಕೆ ಸಿಗಬೇಕು. ನನ್ನ ಹತ್ತಿರವೇ ಅಂಥವು ಮೂರಿದ್ದವು, ಇನ್ನೊಂದು ಹುಡುಕಿದರಾಯಿತು.

ಹುಡುಕುವ ಮೊದಲು ಅಳತೆ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ರಜೆಗೆ ಬಂದವನು ಮಿಲಿಮೀಟರಿನ ಚೂರನ್ನೂ ಅಳೆಯುವ ವರ್ನಿಯರ್ ತಂದಿದ್ದ. ಸ್ಕೇಲಿನಲ್ಲಿ ಅಳೆದರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ, ಇಲ್ಲಿ ಒಂದು ಮಿಲಿಮೀಟರೂ ನಡೆಯುವುದಿಲ್ಲ. ನನ್ನ ಕಾರಿನ ಕಾಲದ ಬಿಎಂಡಬ್ಲ್ಯು ಕ್ಯಾಪಿನ ಮುಖದ ಅಡ್ಡಳತೆ 68 ಮಿಲಿಮೀಟರ್. ಮರ್ಸಿಡಿಸ್‌ನದು ಸಾಮಾನ್ಯವಾಗಿ 75, ಪೋರ್ಷೆಯದು 76, ಹೊಸ ಬಿಎಂಡಬ್ಲ್ಯುಗಳದು 56. ಆಡಿ, ಫೋಕ್ಸ್‌ವಾಗನ್‌ಗಳಲ್ಲಿ ಅದು ಯಾವ ಚಕ್ರ ಅನ್ನುವುದರ ಮೇಲೆ ಹೋಗುತ್ತದೆ. ಮಾರುವವರು ಬರೆಯುವುದು ಮುಖದ ಅಳತೆ ಮಾತ್ರ. ಕೂರುವುದು ಹಿಂದಿನ ಲಾಕುಗಳ ಅಡ್ಡಳತೆಯ ಮೇಲೆ, ಅದು ಮುಖಕ್ಕಿಂತ ಕೆಲವು ಮಿಲಿಮೀಟರ್ ಕಡಿಮೆ ಇರುತ್ತದೆ. ಎರಡನ್ನೂ ಅಳೆಯಿರಿ. ಮುಖದ ಅಂಚಿನಿಂದ ಲಾಕಿನ ಮೂಗಿನ ತನಕದ ಆಳವನ್ನೂ ಬರೆದುಕೊಳ್ಳಿ, ಅದು ಹೆಚ್ಚಾದರೆ ಕ್ಯಾಪ್ ಲೊಡಲೊಡ, ಕಡಿಮೆಯಾದರೆ ಕಚ್ಚುವುದೇ ಇಲ್ಲ.

ಇನ್ನೊಂದು ಗೊಂದಲ. ಇಂಟರ್‌ನೆಟ್ಟಿನಲ್ಲಿ ಈ ಕಾರಿನ ಚಕ್ರದ ನಡುತೂತು 72.6 ಮಿಲಿಮೀಟರ್ ಅಂತ ಸಿಗುತ್ತದೆ. ಅದು ಹಬ್ಬಿನ ಮೇಲೆ ಕೂರುವ ಹಿಂಬದಿಯ ತೂತು. ಕ್ಯಾಪಿನ ತೂತು ಬೇರೆ, ಮುಂದಿನದು. "72ರ ಕ್ಯಾಪು ಕೊಡಿ" ಅಂತ ಕೇಳಿ ತಂದವರನ್ನು ನೋಡಿದ್ದೇನೆ. ಹಾಗೇ ಹಳೆಯ ಮಾಲೀಕರು ಚಕ್ರವನ್ನೇ ಬದಲಾಯಿಸಿ ಅಸಲಿಯಂತೆ ಕಾಣುವ ಬೇರೆ ಅಲಾಯ್ ಹಾಕಿಸಿದ್ದರೆ ಕಂಪನಿಯ ಯಾವ ಅಳತೆಯೂ ಕೂಡುವುದಿಲ್ಲ. ಆಗ ವರ್ನಿಯರ್ ಹೇಳಿದ್ದೇ ವೇದ.

ಕ್ಯಾಪಿನ ಬೆನ್ನಲ್ಲಿ ಅಂಕಿ ಇರುತ್ತದೆ, ಅದನ್ನೂ ಓದಿಕೊಳ್ಳಿ. ನನ್ನದರ ಪಾರ್ಟ್ ನಂಬರ್ 36 13 6 783 536. ಪೂರ್ತಿ ಹನ್ನೊಂದು ಅಂಕಿ ಅಚ್ಚಾಗಿರುವುದಿಲ್ಲ, ಕೊನೆಯ ಏಳು ಅಂಕಿ ಇದ್ದರೆ ಸಾಕು.

ಅಷ್ಟರಲ್ಲಿ ಅಕ್ಕನ ಮಗನಿಗೆ ಹುಮ್ಮಸ್ಸು ಬಂತು. "ಚಿಕ್ಕಮ್ಮ, ಹುಡುಕೋದ್ಯಾಕೆ, ನಾನೇ ತ್ರೀಡಿ ಪ್ರಿಂಟ್ ಮಾಡಿ ಕೊಡ್ತೀನಿ."

"ಯಾವ ಪ್ಲಾಸ್ಟಿಕ್ಕಿನಲ್ಲಿ?"

"ಪಿಎಲ್‌ಎ. ಕಾಲೇಜಿನಲ್ಲಿ ಇರೋದು ಅದೇ."

"ಅದು ಎಷ್ಟು ಬಿಸಿಗೆ ಮೆತ್ತಗಾಗುತ್ತೆ?"

ಹುಡುಗ ಸ್ವಲ್ಪ ಯೋಚಿಸಿ, "ಅರವತ್ತು ಡಿಗ್ರಿ" ಅಂದ. ಅಂದವನೇ ನಕ್ಕ. ಘಾಟಿ ಇಳಿದ ಚಕ್ರದ ನಡುವೆ ಅರವತ್ತು ಡಿಗ್ರಿ ಏನೂ ದೊಡ್ಡದಲ್ಲ. ಕಾರ್ಖಾನೆಯವರು ಬಳಸುವ ಎಬಿಎಸ್ ಪ್ಲಾಸ್ಟಿಕ್ಕು ನೂರು ಡಿಗ್ರಿಯ ಆಸುಪಾಸಿನ ತನಕ ತಡೆಯುತ್ತದೆ. ಪ್ರಿಂಟು ಮಾಡುವುದಾದರೆ ಎಬಿಎಸ್ ಅಥವಾ ಬಿಸಿಲನ್ನೂ ತಡೆಯುವ ಎಎಸ್‌ಎ ಬೇಕು, ಅದಕ್ಕೆ ಮುಚ್ಚಿದ ಪ್ರಿಂಟರ್ ಬೇಕು. ಅದೂ ಅಲ್ಲದೆ ಪದರ ಪದರವಾಗಿ ಕಟ್ಟಿದ ಲಾಕು ಬಾಗುವಾಗ ಪದರದ ಗೆರೆಯಲ್ಲೇ ಮುರಿಯುತ್ತದೆ. ಆದರೂ ಒಂದು ಮಾಡಿ ಕೊಟ್ಟ. ಅಳತೆ ತಪ್ಪಿಲ್ಲ, ಚಕ್ರದಲ್ಲಿ ಟಕ್ ಅಂತ ಕೂತಿತು. ಅಂಗಡಿಯಲ್ಲಿ ಹಿಡಿದು ತೋರಿಸುವುದಕ್ಕೆ ಅದು ಬಹಳ ಉಪಯೋಗಕ್ಕೆ ಬಂತು: ಇದೇ ಅಳತೆಯದು ಬೇಕು, ನೋಡಿ.

ನಾಲ್ಕನೆಯ ಕ್ಯಾಪಿಗೆ ಮೊದಲು ಸುಂಟಿಕೊಪ್ಪದ ಟೈರ್ ಅಂಗಡಿಯ ಇಕ್ಕನನ್ನು ಕೇಳಿದೆ. ಅವರ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ತುಂಬ ಅನಾಥ ಕ್ಯಾಪುಗಳಿವೆ, ಗಿರಾಕಿಗಳು ಬಿಟ್ಟುಹೋದದ್ದು, ರಸ್ತೆಯಲ್ಲಿ ಸಿಕ್ಕಿದ್ದು. ಪೆಟ್ಟಿಗೆ ಸುರಿದರು. ಸ್ವಿಫ್ಟು, ಐ20, ಇನ್ನೋವಾ, ಒಂದು ಸ್ಕೋಡಾ. "ನಿಮ್ಮ ಗಾಡಿದು ಇಲ್ಲಿ ಬೀಳ್ಳಿಕ್ಕೆ ಆ ಗಾಡಿ ಇಲ್ಲಿ ಎಷ್ಟುಂಟು ಅಕ್ಕ? ನೀವು ಒಬ್ರೇ. ಬಿದ್ದರೆ ನಿಮ್ಮದೇ ಬೀಳ್ಬೇಕು." ಮಾತು ಸರಿ.

ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿನ ಹಳೆ ಬಿಡಿಭಾಗದ ಅಂಗಡಿಗಳಲ್ಲಿ ಹೆಂಗಸು ಒಬ್ಬಳೇ ಬಂದು ಜೆಡ್4 ಅಂದರೆ ಮೊದಲು ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡುತ್ತಾರೆ. ಅದಕ್ಕೆ ನನಗೆ ರೂಢಿಯಾಗಿದೆ. ಒಂದು ಅಂಗಡಿಯಾತ ಹೊಳೆಯುವ ನಕಲಿ ಸೆಟ್ಟು ಮುಂದಿಟ್ಟ. ಬೇಡ, ಒಂದೇ ಒಂದು ಅಸಲಿ, ಹಳೆಯದು ಬೇಕು ಅಂದೆ. ಅಟ್ಟದಿಂದ ಒಂದು ಚೀಲ ಇಳಿಸಿದ. ಅದರಲ್ಲಿ ಬಿಎಂಡಬ್ಲ್ಯುವಿನ 68ರದ್ದು ಹಲವು ಇದ್ದವು. 3 ಸೀರೀಸ್, 5 ಸೀರೀಸ್, ಎಕ್ಸ್1 ಎಲ್ಲಕ್ಕೂ ಬಹಳ ವರ್ಷ ಇದೇ ಅಳತೆ ನಡೆದದ್ದರಿಂದ ಇದು ಅಪರೂಪದ ಮಾಲೇ ಅಲ್ಲ. ಸ್ಪೋರ್ಟ್ಸ್ ಕಾರು ಅಂತ ಹೇಳಿಯೇ ಬೆಲೆ ಏರಿಸುವುದು. ಅವನು ಚೆನ್ನಾಗಿರುವ ಮುಖಗಳನ್ನು ಒರೆಸಿ ಒರೆಸಿ ಸಾಲಾಗಿ ಇಡುತ್ತಿದ್ದ, ನಾನು ಎಲ್ಲವನ್ನೂ ಮಗುಚಿ ಹಾಕಿ ಬೆನ್ನು ನೋಡುತ್ತಿದ್ದೆ. ಒಂದರ ನೀಲಿ ಬಣ್ಣ ಪೂರ್ತಿ ಎದ್ದುಹೋಗಿತ್ತು, ಮುಖದ ಮೇಲೆ ಅಡ್ಡಡ್ಡ ಗೀರು. ಲಾಕು ಒಂದೂ ಮುರಿದಿಲ್ಲ, ಒತ್ತಿ ಬಿಟ್ಟರೆ ಪಟ್ಟನೆ ವಾಪಸು ಬರುತ್ತದೆ. ಬೆನ್ನಲ್ಲಿ ಅಂಕಿಯೂ ಸರಿ.

"ಅದು ಮುಖ ಹೋಗಿದೆ ಮೇಡಂ, ತಗೋಬೇಡಿ. ಗುಜರಿಗೆ ಹಾಕೋದು."

"ಗುಜರಿ ರೇಟಿಗೇ ಕೊಡಿ."

ನೂರೈವತ್ತಕ್ಕೆ ಬಂತು. ನೂರಕ್ಕೂ ಬರುತ್ತಿತ್ತೇನೋ, ಆದರೆ ಆತ ಚೀಲ ಇಳಿಸಿದ್ದಕ್ಕಾದರೂ ಕೊಡಬೇಕಲ್ಲ.

ಹಳೆಯದು ಕೊಳ್ಳುವಾಗ ಒಂದು ಎಚ್ಚರ ಇರಲಿ. ನಾಲ್ಕೂ ಒಂದೇ ಥರ ಹೊಸದಾಗಿದ್ದು, ಅಂಚಿನಲ್ಲಿ ಎಬ್ಬಿದ ಗಾಯ ತಾಜಾ ಇದ್ದರೆ ಅದು ಯಾರದೋ ನಿಂತ ಕಾರಿನಿಂದ ರಾತ್ರೋರಾತ್ರಿ ಕಿತ್ತದ್ದಿರಬಹುದು. ದೊಡ್ಡ ಊರುಗಳಲ್ಲಿ ಈ ಕ್ಯಾಪುಗಳ ಕಳ್ಳತನ ಮಾಮೂಲು. ಹಾಳಾದ ಮುಖವನ್ನು ಯಾವ ಕಳ್ಳನೂ ಕೀಳುವುದಿಲ್ಲ. ನನ್ನ ಉಪಾಯದ ಇನ್ನೊಂದು ಲಾಭ ಇದು.

ಬಣ್ಣದ ಕೆಲಸಕ್ಕೆ ಕೊಡಗಿನಲ್ಲಿ ಕಾಲ ನೋಡಬೇಕು. ಗಾಳಿಯಲ್ಲಿ ತೇವ ಇದ್ದರೆ ಲ್ಯಾಕರ್ ಒಣಗುವಾಗ ಹಾಲಿನಂತೆ ಬೆಳ್ಳಗೆ ಮಬ್ಬಾಗುತ್ತದೆ. ಹಾಗಾಗಿ ಜನವರಿ ಫೆಬ್ರವರಿಯೇ ಸರಿ, ಕಣದಲ್ಲಿ ರೊಬಸ್ಟಾ ಒಣಗುವ ಹೊತ್ತು. ಹೇಗೂ ಕಾಫಿ ಕಾಯಲು, ಮಧ್ಯೆ ಮಧ್ಯೆ ಕೈಯಾಡಿಸಲು ನಾನು ಕಣದ ಬಳಿಯೇ ಇರುತ್ತೇನೆ. ತೊಂದರೆ ಒಂದೇ, ಒಣ ಹಣ್ಣಿನ ಸಿಪ್ಪೆಯ ಹುಡಿ ಗಾಳಿಯಲ್ಲಿ ಹಾರಿ ಬಂದು ಹಸಿ ಬಣ್ಣಕ್ಕೆ ಕೂರುತ್ತದೆ. ಅದಕ್ಕೆ ಗೋದಾಮಿನ ಒಳಗೆ, ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರೊಳಗೆ ಬಣ್ಣ ಹೊಡೆದೆ. ಬಾಗಿಲು ಮಾತ್ರ ತೆರೆದಿರಲಿ, ಆ ವಾಸನೆ ಎಳೆದುಕೊಂಡರೆ ತಲೆ ಸುತ್ತುತ್ತದೆ. ಮೂಗಿಗೆ ಮಾಸ್ಕು ಹಾಕಿಕೊಳ್ಳಿ.

ಚಕ್ರದಲ್ಲೇ ಇದ್ದ ಮೂರು ಕ್ಯಾಪ್ ತೆಗೆಯಲು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಅಡಿಕೆ ದಬ್ಬೆಯ ಒಂದು ಸೀಳನ್ನು ತೆಳ್ಳಗೆ ಹೆರೆದು, ತುದಿಗೆ ಬಟ್ಟೆ ಸುತ್ತಿ, ಅಂಚಿನ ಸುತ್ತ ಸ್ವಲ್ಪ ಸ್ವಲ್ಪವಾಗಿ ಎಬ್ಬಿದೆ. ಒಂದೇ ಕಡೆ ಬಲ ಹಾಕಬಾರದು. ಹಠ ಮಾಡಿದ ಒಂದಕ್ಕೆ ಚಕ್ರವನ್ನೇ ಕಳಚಿ ಹಿಂದಿನಿಂದ ಒತ್ತಿದೆ. ಬಿಸಿನೀರಿನ ಬಟ್ಟೆ ಸ್ವಲ್ಪ ಹೊತ್ತು ಹಿಡಿದರೂ ಪ್ಲಾಸ್ಟಿಕ್ಕು ಮೆದುವಾಗುತ್ತದೆ, ಡಿಸೆಂಬರ್ ಜನವರಿಯ ಬೆಳಗಿನ ಚಳಿಯಲ್ಲಿ ಎಬ್ಬಲು ಹೋದರೆ ಲಾಕು ಮುರಿಯುವ ಸಂಭವ ಜಾಸ್ತಿ.

ನಾಲ್ಕನ್ನೂ ಸಾಬೂನು ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಎದ್ದ ಲ್ಯಾಕರನ್ನು ಉಗುರಿನಲ್ಲೇ ಬಿಡಿಸಿ, ಉಳಿದದ್ದನ್ನು 320ರ ವಾಟರ್ ಪೇಪರಿನಲ್ಲಿ (ಉಜ್ಜುವ ಕಾಗದ, ಅಂಕಿ ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿ, ಆಮೇಲೆ 600. ಇಲ್ಲಿ ಅವಸರ ಮಾಡಬೇಡಿ. ಹಳೆ ಲ್ಯಾಕರಿನ ಅಂಚು ಬೆರಳಿಗೆ ತಾಗುವಷ್ಟು ಉಳಿದರೂ ಹೊಸ ಬಣ್ಣದ ಮೇಲೆ ಅದು ನಕ್ಷೆಯ ಗೆರೆಯಾಗಿ ಎದ್ದು ಕಾಣುತ್ತದೆ. ಆಳದ ಗೀರಿಗೆ ಮಾತ್ರ ಟಿಂಕರಿಂಗ್ ಶೆಡ್ಡಿನಿಂದ ತಂದ ಚೂರು ಪುಟ್ಟಿ. ಒರೆಸಲು ಥಿನ್ನರ್ ಬೇಡ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಂದುಕೊಳ್ಳಿ.

ಲಾಕುಗಳ ಮೇಲೆ ಬಣ್ಣ ಬೀಳಬಾರದು, ದಪ್ಪವಾದರೆ ಕೂರುವುದಿಲ್ಲ. ಪ್ರತಿ ಕ್ಯಾಪನ್ನೂ ಪೇಪರ್ ಲೋಟದ ಬಾಯಿಗೆ ಮುಖ ಮೇಲಾಗಿ ಕೂರಿಸಿ, ಸುತ್ತ ಮಾಸ್ಕಿಂಗ್ ಟೇಪು ಸುತ್ತಿದರೆ ಹಿಡಿಯಲೂ ಅನುಕೂಲ. ಮೊದಲು ಪ್ಲಾಸ್ಟಿಕ್ ಪ್ರೈಮರ್. ಇದನ್ನು ಬಿಟ್ಟು ನೇರ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಸಿಪ್ಪೆ ಏಳುತ್ತದೆ. ಪ್ರೈಮರ್ ಒಣಗಿದ ಮೇಲೆ 800ರಲ್ಲಿ ಹಗುರಾಗಿ ಒಂದು ಸುತ್ತು, ಆಮೇಲೆ ಬಣ್ಣ. ಡಬ್ಬಿಯನ್ನು ಒಂದಡಿ ದೂರ ಹಿಡಿದು, ಕ್ಯಾಪಿನ ಆಚೆ ಶುರುಮಾಡಿ ಈಚೆ ನಿಲ್ಲಿಸಬೇಕು. ಮೊದಲ ಸುತ್ತಿಗೇ ತುಂಬಿಸಲು ಹೋದರೆ ಬಣ್ಣ ಇಳಿಯುತ್ತದೆ. ತೆಳ್ಳಗೆ ಎರಡು ಮೂರು ಸುತ್ತು, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಮೇಲೆ ಎರಡು ಮೂರು ಸುತ್ತು ಕ್ಲಿಯರ್ ಲ್ಯಾಕರ್. ಅಂಚಿಗೆ ಲ್ಯಾಕರ್ ಚೆನ್ನಾಗಿ ಹೋಗಲಿ, ನೀರು ಒಳಗೆ ನುಸುಳುವುದು ಅಲ್ಲಿಂದಲೇ.

ಬಣ್ಣ ಯಾವುದು ಅಂತ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಅಕ್ಕನ ಮಗನಿಗೆ ಕೆಂಪು ಬೇಕು. ಜೀಪಿನ ಹುಡುಗರು ಅಂಟಿಸುವ ಹಾಗೆ ಕೊಡವರ ಆಯುಧಗಳಾದ ಒಡಿಕತ್ತಿ ಪೀಚೆಕತ್ತಿಯ ಸ್ಟಿಕ್ಕರ್ ಹಾಕು ಅಂತ ಇನ್ನೊಬ್ಬರ ಸಲಹೆ. ಜರ್ಮನಿಯ ಕಾರಿಗೆ ಅದನ್ನು ಹಚ್ಚಿ, ಅದೂ ಕೆಸರಲ್ಲಿ ತಿರುಗುವ ಜಾಗದಲ್ಲಿ? ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಆಯುಧಕ್ಕೆ ತೋಕ್‌ಪೂ ಎಂಬ ಹೂವಿಟ್ಟು ಕೈ ಮುಗಿಯುವ ಊರಿನಲ್ಲಿ ನನಗೆ ಅದು ಸರಿಕಾಣಲಿಲ್ಲ. ನಾನು ಆರಿಸಿದ್ದು ಕಡುಬೂದು, ಹೊಳಪು ಕಡಿಮೆ ಇರುವ ಬಗೆಯದು. ಬ್ರೇಕಿನ ಧೂಳಿನ ಬಣ್ಣವೂ ಅದೇ, ಕೂತರೆ ಗೊತ್ತಾಗುವುದಿಲ್ಲ.

ಕಂಪನಿಯ ಗುರುತು ಹಾಕಲಿಲ್ಲ. ಅಂಟಿಸುವ ಅಸಲಿ ಬಿಲ್ಲೆ ಸಿಗುತ್ತದೆ, ಅದಕ್ಕೆ ದುಡ್ಡು ಕೊಟ್ಟರೆ ಇಷ್ಟೆಲ್ಲ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ. ಬೇಕೇ ಬೇಕು ಅನ್ನುವವರು ಉಬ್ಬು ಸ್ಟಿಕ್ಕರ್ ಹಾಕಿಸುವುದಾದರೆ ಅದರ ಮೇಲಿನ ಗಾಜಿನಂಥ ಪದರ ಪಾಲಿಯುರೇಥೇನಾ ಅಂತ ಕೇಳಿ. ಎಪಾಕ್ಸಿಯಾದರೆ ಬಿಸಿಲಿಗೆ ಹಳದಿಯಾಗುತ್ತದೆ. ಬಿಎಂಡಬ್ಲ್ಯುವಿನ ಆ ನೀಲಿ ಬಿಳಿ ಗುರುತಿನ ಬಗ್ಗೆ ಒಂದು ಮಾತು. ವಿಮಾನದ ಪ್ರೊಪೆಲರ್ ತಿರುಗುವ ಚಿತ್ರ ಅದು ಅಂತ ಎಲ್ಲರೂ ಹೇಳುತ್ತಾರೆ. ಗುರುತು ನೋಂದಣಿಯಾದದ್ದು 1917ರಲ್ಲಿ, ಬಣ್ಣ ಬವೇರಿಯಾ ರಾಜ್ಯದ್ದು. ಪ್ರೊಪೆಲರಿನ ಕಥೆ ಹುಟ್ಟಿದ್ದು 1929ರಲ್ಲಿ ಕಂಪನಿಯೇ ವಿಮಾನದ ಇಂಜಿನ್ನಿಗೆ ಹಾಕಿದ ಒಂದು ಜಾಹೀರಾತಿನಿಂದ. ಬಾನೆಟ್ಟಿನ ಮೇಲೆ ಒಂದು, ಡಿಕ್ಕಿಯ ಮೇಲೆ ಒಂದು ಇದ್ದೇ ಇದೆ. ಮತ್ತೆ ನಾಲ್ಕು ಕಡೆ ಯಾಕೆ?

ಬಣ್ಣ ಕೈಗೆ ಅಂಟದಿದ್ದ ಮಾತ್ರಕ್ಕೆ ಗಟ್ಟಿಯಾಯಿತು ಅಂತಲ್ಲ. ಒಂದು ವಾರ ಹಾಗೇ ಬಿಡಿ. ಕ್ಯಾಪು ಒತ್ತುವುದು ಮುಖದ ಮೇಲೆ ಹೆಬ್ಬೆರಳಿಟ್ಟು ತಾನೇ, ಹಸಿಯಿದ್ದರೆ ಬೆರಳಚ್ಚು ಶಾಶ್ವತವಾಗಿ ಉಳಿಯುತ್ತದೆ.

ಆ ವಾರದಲ್ಲಿ ಚಕ್ರದ ಕೆಲಸ ಮುಗಿಸಿದೆ. ಕ್ಯಾಪು ಕೂರುವ ತೂತಿನೊಳಗೆ ಸುತ್ತಲೂ ಒಂದು ಸಣ್ಣ ತೋಡು ಇರುತ್ತದೆ, ಲಾಕಿನ ಮೂಗು ಕಚ್ಚುವುದು ಅಲ್ಲಿ. ಅದರ ತುಂಬ ಒಣಗಿದ ಕೆಸರು. ಹೊಸ ಕ್ಯಾಪು ನಿಲ್ಲುವುದಿಲ್ಲ ಅಂತ ದೂರುವವರಲ್ಲಿ ಅರ್ಧ ಜನ ಈ ತೋಡನ್ನು ಕೆರೆದೇ ಇರುವುದಿಲ್ಲ. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ, ನಡುವಿನ ಉಬ್ಬಿಗೆ ಮಾತ್ರ ತೆಳ್ಳಗೆ ಗ್ರೀಸು ಸವರಿದೆ. ಬೋಲ್ಟಿನ ಥ್ರೆಡ್ಡಿಗೆ ಗ್ರೀಸು ಬೇಡ, ಬಿಗಿತದ ಲೆಕ್ಕ ತಪ್ಪುತ್ತದೆ. ಈ ಕಾರಿಗೆ 120 ನ್ಯೂಟನ್ ಮೀಟರ್. ಇಕ್ಕನ ಅಂಗಡಿಯಲ್ಲಿ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಇದೆ, ಗೋಡೆಗೆ ನೇತುಹಾಕಿದ್ದಾರೆ. ನಾನು ಹೋದಾಗ ಮಾತ್ರ ಅದು ಕೆಳಗಿಳಿಯುವುದು. ಎದುರುಬದುರು ಬೋಲ್ಟು ಬಿಗಿದು, ಒಂದೈವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿದರೆ ನಿಶ್ಚಿಂತೆ.

ಕ್ಯಾಪು ಕೂರಿಸುವ ದಿನ ಮೂರು ಟಕ್ ಟಕ್ ಅಂತ ಕೂತವು. ನಾಲ್ಕನೆಯದು, ಜೆ.ಸಿ. ರಸ್ತೆಯದಲ್ಲ, ನನ್ನದೇ ಹಳೆಯದೊಂದು, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಲಾಕು ಮುರಿದಿಲ್ಲ, ವಯಸ್ಸಾಗಿ ಒಳಗೆ ಬಾಗಿದೆ. ಬಿಸಿನೀರಿನಲ್ಲಿ ಅದ್ದಿ ಒಂದೊಂದನ್ನೇ ಹೊರಕ್ಕೆ ಒತ್ತಿ ಹಿಡಿದು ತಣ್ಣೀರು ಹಾಕಿದೆ. ಸ್ವಲ್ಪ ವಾಸಿಯಾಯಿತು, ಸಾಲಲಿಲ್ಲ. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಯಾವ ತೋಟದ ಮನೆಯಲ್ಲಿ ಇಲ್ಲ? ಲಾಕುಗಳ ಸುತ್ತ ಅದನ್ನು ಎಳೆದು ಎಳೆದು ಸುತ್ತಿ ಕೂರಿಸಿದೆ. ಈಗ ಅಲ್ಲಾಡುವುದಿಲ್ಲ, ಬೇಕೆಂದಾಗ ತೆಗೆಯಲೂ ಬರುತ್ತದೆ. ಇಂಥ ಕಡೆ ಎಂ-ಸೀಲ್ ಹಾಕುವವರಿದ್ದಾರೆ. ಬ್ಯಾಲೆನ್ಸಿಂಗ್ ದಿನ ಅದನ್ನು ಒಡೆದೇ ತೆಗೆಯಬೇಕು. ಫೆವಿಕ್ವಿಕ್ ಹಾಕಿದರೆ ಅದರ ಆವಿ ತಾಗಿ ಹೊಸ ಬಣ್ಣದ ಅಂಚೆಲ್ಲ ಬೆಳ್ಳಗಾಗುತ್ತದೆ.

ಖರ್ಚು ಹೇಳಿಬಿಡುತ್ತೇನೆ. ಹಳೆ ಕ್ಯಾಪು ನೂರೈವತ್ತು. ಪ್ರೈಮರ್, ಬಣ್ಣ, ಲ್ಯಾಕರ್ ಮೂರು ಡಬ್ಬಿ ಸೇರಿ ಸಾವಿರದ ಐವತ್ತು. ವಾಟರ್ ಪೇಪರು, ಆಲ್ಕೋಹಾಲು, ಟೇಪು ಎಲ್ಲ ಸೇರಿ ಇನ್ನೂರೈವತ್ತು. ಪುಟ್ಟಿಗೆ ಶೆಡ್ಡಿನವರು ದುಡ್ಡು ತೆಗೆದುಕೊಳ್ಳಲಿಲ್ಲ. ಡಬ್ಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಹಾಗಾಗಿ ಇನ್ನೊಬ್ಬರ ಜೊತೆ ಸೇರಿ ಮಾಡಿಕೊಂಡರೆ ಇನ್ನೂ ಕಮ್ಮಿ. ವಿರಾಜಪೇಟೆಯ ಗೆಳತಿಗೆ ಹೇಳಿದ್ದೇನೆ: ಮೂರನೇ ಸೆಟ್ಟು ತರಿಸುವ ಮೊದಲು ನಿನ್ನ ಹಳೆಯ ಅಸಲಿ ಕ್ಯಾಪುಗಳನ್ನು ಎಲ್ಲಿ ಎಸೆದಿದ್ದೀ ನೋಡು. ಹಿತ್ತಲಿನ ಶೆಡ್ಡಿನಲ್ಲಿ ಗೊಬ್ಬರದ ಚೀಲದ ಹಿಂದೆ ಎರಡು ಸಿಕ್ಕಿವೆಯಂತೆ. ಮುಖ ಹೋಗಿದೆ, ಲಾಕು ಇದೆಯಂತೆ. ಫೋಟೋ ಕಳಿಸಿದ್ದಾಳೆ, ಅದೂ ಮುಖದ ಫೋಟೋ. ಬೆನ್ನಿನದು ಕಳಿಸು ಅಂತ ಮತ್ತೆ ಬರೆದಿದ್ದೇನೆ.